ಇಡೀ ಓಣಿಗೆ ಗೊತ್ತಿದ್ದ ಪಾಸ್‌ವರ್ಡ್

ಲಕ್ಷ್ಮೇಶ್ವರದಲ್ಲಿ ನಮ್ಮ ಅತ್ತೆಯ ಪಾಸ್‌ವರ್ಡಿನಷ್ಟು ಗಟ್ಟಿ ಪಾಸ್‌ವರ್ಡ್ ಇನ್ನೊಂದಿಲ್ಲ. ಬೇಕಾದರೆ ಅವರ ಓಣಿಯಲ್ಲಿ ಯಾರನ್ನಾದರೂ ಕೇಳಿ, ಪೂರ್ತಿ ಹೇಳಿಬಿಡುತ್ತಾರೆ!

ನಗಬೇಡಿ. ಗಂಟಲಿನ ಆಪರೇಷನ್ ಆದರೆ ಮಾವನ ದನಿ ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ಅತ್ತೆ ಹಿಂದಿನ ದಿನ ಮಾವನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಈಗ ಮಾವ ಪಾಟಿಯ ಮೇಲೆ ಬರೆದು ಮಾತಾಡುತ್ತಾರೆ. ಅವರ ದನಿ ಉಳಿದಿರುವುದು ಆ ಫೋನಿನಲ್ಲಿ ಮಾತ್ರ. "ಯಾರರ ಅಳಿಸಿಗಿಳಿಸಿದ್ರ?" ಎಂದು ಅತ್ತೆಗೆ ಒಂದೇ ದಿಗಿಲು. ತಾವೂ ಅದನ್ನು ಕೇಳುತ್ತಿರಲಿಲ್ಲ. ಹಾಕಿ ಹಾಕಿ ಕ್ಯಾಸೆಟ್ಟಿನಂತೆ ಸವೆದು ಹೋದೀತಂತೆ!

ಗದಗಿನಿಂದ ಹೋದ ನಾನು ಅದನ್ನು ಬೀಗ ಹಾಕುವ ಆ್ಯಪಿನೊಳಗಿಟ್ಟು, ಪಾಸ್‌ವರ್ಡ್ ಜನರೇಟರ್ ತೋರಿಸಿದೆ. ಗುಂಡಿ ಒತ್ತಿದರೆ ತಲೆಬುಡವಿಲ್ಲದ ಅಕ್ಷರ, ಅಂಕಿ, ಚಿಹ್ನೆಗಳ ಸಾಲು.

"ಅಯ್ಯ, ಇದೇನೋ? ಅರ್ಥಾನ ಇಲ್ಲಲ್ಲ!"

"ಅರ್ಥ ಇಲ್ಲಂತನ ಅದು ಗಟ್ಟಿ, ಅತ್ತಿ. ಎಲ್ಲೂ ಬರಿಬ್ಯಾಡ್ರಿ, ಬರೇ ನೆನಪಿಟ್ಕೋರಿ."

ಕನ್ನಡ ಶಾಲೆಯಲ್ಲಿ ಜೀವಮಾನವಿಡೀ ಮಗ್ಗಿ ಹೇಳಿಸಿದ ಜೀವ ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಬೆಳಗಾದರೆ ಕಟ್ಟೆಯ ಮೇಲೆ ಕೂತು, ತೊಡೆ ತಟ್ಟುತ್ತ, ರಾಗವಾಗಿ ಶುರು: "ದೊಡ್ಡ ಕೆ, ಏಳು, ಚುಕ್ಕಿ, ಸಣ್ಣ ಎಂ..." ಕೆಲವೇ ದಿನಗಳಲ್ಲಿ ಕಾಯಿಪಲ್ಲೆ ಮಾರುವ ಮಾಬೂಬಿ ಅವರ ತಪ್ಪು ತಿದ್ದತೊಡಗಿದಳು!

"ಅಕ್ಕೋರ, ಚುಕ್ಕಿ ಆದಮ್ಯಾಲ ಸಣ್ಣ ಎಂ ಬಿಟ್ರಿ ನೋಡ್ರಿ!"

ನಾನು ಹಣೆ ಹಣೆ ಬಡಿದುಕೊಂಡು ಹೊಸದೊಂದನ್ನು ಹುಟ್ಟಿಸಿಕೊಟ್ಟೆ. "ಈ ಸಲ ಬಾಯಿ ಬಿಟ್ಟೀರಿ ಮತ್ತ!" ಎಂದು ತಾಕೀತನ್ನೂ ಮಾಡಿದೆ.

ಬಾಯಿ ಬಿಡಲಿಲ್ಲ. ಮರೆತರು! ಗಟ್ಟಿಯಾಗಿ ಹೇಳದೆ ಇದ್ದದ್ದು ಅವರ ತಲೆಯಲ್ಲಿ ನಿಲ್ಲುವುದೇ ಇಲ್ಲ. ನೆನಪಿದೆಯೋ ಇಲ್ಲವೋ ನೋಡೋಣವೆಂದು ಏನೇನೋ ಒತ್ತಿ, ಕಡೆಗೆ ನನಗೆ ಫೋನ್ ಮಾಡಿದರು. "ತಮ್ಮಾ, ಜಲ್ದಿ ಬಾರೋ. ಇನ್ನೊಂದ ಸಲ ತಪ್ಪಿದ್ರ ಎಲ್ಲಾ ಅಳಿಸಿ ಹೊಕ್ಕೈತಂತ!"

ಆ ಸಾಲು ನನಗೂ ನೆನಪಿರಲಿಲ್ಲ. ಬಸ್ಸು ಹಿಡಿದು ಓಡಿದೆ. ಅತ್ತೆ ಪಡಸಾಲೆಯಲ್ಲಿ ಅಳುತ್ತ ಕೂತಿದ್ದರು. ಸುತ್ತ ನೆರೆದ ಓಣಿಯ ಮಂದಿ ಒಂದೇ ರಾಗದಲ್ಲಿ ಪಾಸ್‌ವರ್ಡ್ ಹೇಳುತ್ತಿದ್ದರು, ಹಳೆಯದನ್ನು! ಮಾವ ಮಾತ್ರ ಪಾಟಿಯ ಮೇಲೆ ಏನೋ ಬರೆದು ನನ್ನತ್ತ ಚಾಚಿದರು. ಹೊಸದು! ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

"ನಿಮಗ ಹೆಂಗ ಗೊತ್ತಾತ್ರಿ ಮಾವ?"

ಅಳಿಸಿ ಬರೆದರು: "ಮೊದಮೊದಲ ರೊಟ್ಟಿ ಬಡಿಯೂವಾಗ ತುಟಿ ಅಲ್ಲಾಡಸ್ತಿದ್ಲು. ನೋಡ್ಕೋತ ಕುಂತಿರ್ತಿದ್ದೆ."

ಪಾಟಿ ನೋಡುತ್ತ ಒಂದೊಂದೇ ಒತ್ತಿದೆ. ತೆರೆಯಿತು! ಎಲ್ಲರೂ ಉಸಿರು ಬಿಟ್ಟೆವು. "ಒಮ್ಮೆರ ಕೇಳೂಣ ಅತ್ತಿ, ಸವದು ಹೋಗೂದಿಲ್ಲ," ಎಂದು ಅವರು ಬೇಡವೆನ್ನುವ ಮೊದಲೇ ಹಾಕಿದೆ. ಮಾವನ ಗಡಸು ದನಿ ಪಡಸಾಲೆ ತುಂಬಿತು.

"ಏ, ಚಾ ಆತೇನ?"

"ತರ್ತೀನಿ ತಡೀರಿ!" ಎಂದು ಅತ್ತೆ ದಡಕ್ಕನೆ ಎದ್ದು ಅಡುಗೆಮನೆಯ ಬಾಗಿಲವರೆಗೂ ಹೋಗಿಬಿಟ್ಟರು. ಅಲ್ಲಿ ನಿಂತರು. ತಿರುಗಿ ಮಾವನ ಮುಖ ನೋಡಿದರು. ಮಾವ ಮೆಲ್ಲಗೆ ತಲೆಯಾಡಿಸಿದರು, ಹೂಂ, ತಾ ಎನ್ನುವಂತೆ.