ಕೋಣೆಯ ಕರಾರು ಹರಿದ ಸಂಜೆ

ವಕೀಲನಾದ ನನಗೆ ನನ್ನ ಮನೆಯಲ್ಲೇ ಕೂತು ಫೈಲು ಬಿಚ್ಚಲು ಒಂದು ಕೋಣೆಯಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಇದ್ದ ಕೋಣೆಯಲ್ಲಿ ಭಾಮೈದ ತನ್ನ ಡ್ರಮ್ ಸೆಟ್ಟಿನ ಸಮೇತ ಠಿಕಾಣಿ ಹೂಡಿದ್ದಾನೆ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ವಾದ ಬರೆಯುತ್ತೇನೆ. (ನನ್ನ ಅರ್ಜಿಗಳು ಬೆಳ್ಳುಳ್ಳಿ ನಾರುತ್ತವೆ ಎಂದು ನ್ಯಾಯಾಧೀಶರೇ ಮೂಗು ಮುಚ್ಚಿಕೊಂಡದ್ದುಂಟು.)

ಅಂದು ಸಂಜೆ ಬಂದು ನೋಡುತ್ತೇನೆ, ಮೇಜಿನ ಮೇಲೊಂದು ಕಾಗದ. ತಲೆಬರಹ ‘ಕೋಣೆಯ ಕರಾರು’. ಕೆಳಗೆ ಭಾಮೈದನ ಸಹಿ, ಪಕ್ಕದಲ್ಲಿ ನನ್ನದೇ ಸಹಿ! ಬೆಳಿಗ್ಗೆ ಒಂದು ಕಾಲಿಗೆ ಬೂಟು ಏರಿಸುತ್ತ, ಫೋನಿನಲ್ಲಿ ಕಕ್ಷಿದಾರನಿಗೆ ಬೈಯುತ್ತ ಇದ್ದಾಗ ಹೆಂಡತಿ ಮುಂದೆ ಹಿಡಿದದ್ದು ಇದನ್ನೇ. ಗ್ಯಾಸ್ ಸಿಲಿಂಡರಿನ ರಸೀದಿ ಎಂದುಕೊಂಡು ಗೀಚಿದ್ದೆ. ನಡುವಿನ ಸಾಲುಗಳನ್ನು ಓದುವ ಗೋಜಿಗೂ ಹೋಗದೆ, ಕೋಣೆಯನ್ನು ಶಾಶ್ವತವಾಗಿ ಅವನಿಗೇ ಬರೆದುಕೊಟ್ಟೆ ಎಂದು ತೀರ್ಮಾನಿಸಿಬಿಟ್ಟೆ.

“ಈ ಕರಾರು ಅಸಿಂಧು!” ಎಂದು ಗರ್ಜಿಸಿದೆ.

“ಸೈನ್ ನಿಮ್ಮದೇ ತಾನೇ?” ಎಂದಳು ಹೆಂಡತಿ.

“ಕೈ ನನ್ನದು, ಮನಸ್ಸು ನನ್ನದಲ್ಲ! ಯಾವ ಕಾಗದ ಅಂತಲೇ ಗೊತ್ತಿಲ್ಲದಿದ್ರೆ ಒಪ್ಪಿಗೆ ಎಲ್ಲಿಂದ ಬಂತು?”

“ಓದದೆ ಹಾಕಿದ್ದು ನಿಮ್ಮ ತಪ್ಪು. ಕಣ್ಣು ಕಾಣಲ್ವಾ, ಅಕ್ಷರ ಬರಲ್ವಾ? ಯಾವ ಕೋರ್ಟು ಒಪ್ಪತ್ತೆ ಇದನ್ನ?”

ನನ್ನ ಜೊತೆ ಬಾಳಿ ಬಾಳಿ ಅರ್ಧ ವಕೀಲೆಯಾಗಿದ್ದಾಳೆ. ನಾನು ಬಿಡುತ್ತೇನೆಯೇ? ಬ್ರಹ್ಮಾಸ್ತ್ರ ತೆಗೆದೆ.

“ಅನುಚಿತ ಪ್ರಭಾವ! ನೀನು ಕಾಗದ ಹಿಡಿದ್ರೆ ಸೈನ್ ಹಾಕಲ್ಲ ಅನ್ನೋ ಧೈರ್ಯ ಈ ಮನೇಲಿ ಯಾರಿಗಿದೆ?”

ಬಾಗಿಲಿಗೆ ಒರಗಿದ್ದ ಭಾಮೈದ ತಲೆದೂಗಿದ. “ನಿಜ ಅಕ್ಕ. ಭಾವನ ವಾದ ಸರಿಯಾಗಿದೆ.”

ಎದುರು ಪಕ್ಷದವನೇ ಶರಣಾದ! ಇಂಥ ದಿಗ್ವಿಜಯ ನನಗೆ ಕೋರ್ಟಿನಲ್ಲಿ ಎಂದೂ ದಕ್ಕಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ.

“ರೀ, ಒಂದ್ಸಲ ಓದಿ ನೋಡ್ರೀ,” ಎಂದಳು ಹೆಂಡತಿ.

“ಅಸಿಂಧು ಕರಾರನ್ನ ಓದೋದೇನು!” ಎಂದು ಕಾಗದವನ್ನು ಪರಪರ ಹರಿದೆ. ಭಾಮೈದ ಚಪ್ಪಾಳೆ ತಟ್ಟಿದ.

ಹೆಂಡತಿ ತಲೆಯ ಮೇಲೆ ಕೈಹೊತ್ತು ಕುಳಿತಳು. “ಈ ಭಾನುವಾರ ಕೋಣೆ ಬಿಟ್ಟು ಬೇರೆ ಮನೆಗೆ ಹೋಗ್ತೀನಿ ಅಂತ ಅವನು ಬರೆದುಕೊಟ್ಟಿದ್ದ. ಹಳೇ ಮಂಚ ಕೊಟ್ಟು ಕಳಿಸ್ತೀವಿ ಅಂತ ನೀವು ಒಪ್ಪಿದ್ದಕ್ಕೆ ಆ ಸೈನು. ಪುಸಲಾಯಿಸಿ ಪುಸಲಾಯಿಸಿ ನನ್ನ ಗಂಟಲು ಬಿದ್ದುಹೋಗಿತ್ತು!”

ನಾನು ನೆಲದ ಮೇಲಿನ ಚೂರುಗಳನ್ನು ಬಾಚತೊಡಗಿದೆ. “ಇನ್ನೊಂದು ಬರೆದರಾಯ್ತು ಬಿಡು. ಎಲ್ಲಿ, ಪೆನ್ನು ಕೊಡು!”

“ಬೇಡ ಭಾವ,” ಎಂದ ಭಾಮೈದ ಬಹಳ ವಿನಯದಿಂದ. “ನಾನೂ ಅಕ್ಕನ ಅನುಚಿತ ಪ್ರಭಾವದಿಂದ್ಲೇ ಸೈನ್ ಹಾಕಿದ್ದು. ಈಗ ಮನಸ್ಸು ಹಗುರಾಯ್ತು.”

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮರುಗಳಿಗೆಗೆ ಇಡೀ ಮನೆ ನಡುಗುವಂತೆ ಡ್ರಮ್ಮು ಮೊಳಗಿತು. ಕೇಸು ಗೆದ್ದವನು ನಾನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಜಯದ ನಗಾರಿ ಬಾರಿಸುತ್ತಿದ್ದವನು ಅವನು.