ವಲ್ಲಿಯ ಕೆಳಗಿನ ಕೈ

ಗಂಡಸಿಗೊಂದು ದರ, ಹೆಂಗಸಿಗೊಂದು ದರ ಇರುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿಲ್ಲದಂತೆ ಇರುವುದೇ ಮರ್ಯಾದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಹೊಲ ಹೊಲ ತಿರುಗಿ ಬೆಳೆ ನೋಡುವ ಕೆಲಸ ನನ್ನದು. ಹಳೆಯ ಮೊಪೆಡ್ ಕೆಟ್ಟಾಗ ನಾನು ಒಯ್ದರೆ ಮೆಕ್ಯಾನಿಕ್ ಸಾವಿನ ಮನೆಗೆ ಬಂದವನಂತೆ ಮುಖ ಮಾಡಿ, "ಇಂಜಿನ್ ಬಿಚ್ಚಬೇಕಾಗ್ತೈತ್ರಿ ಅಕ್ಕಾರ" ಎನ್ನುತ್ತಿದ್ದ. ಅದೇ ಗಾಡಿಯನ್ನು ನಮ್ಮ ಮನೆಯವರು ತಳ್ಳಿಕೊಂಡು ಹೋದರೆ ಪ್ಲಗ್ ಒರೆಸಿ ಕೊಡುತ್ತಿದ್ದ. ನಮ್ಮ ಮನೆಯವರು ಬ್ಯಾಡಗಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಪ್ಲಗ್ ಎಲ್ಲಿರುತ್ತದೆಂದು ಇವತ್ತಿಗೂ ತಿಳಿಯದ ಪುಣ್ಯಾತ್ಮ. ಆದರೆ ಮೀಸೆ ಇತ್ತು, ಅಷ್ಟು ಸಾಕಾಗುತ್ತಿತ್ತು.

ಮೊಬೈಲಿಗೆ ಬರುವ ಕರೆಗೆ ದುಡ್ಡು ಹೋಗುವುದು ಆಗಷ್ಟೇ ನಿಂತಿದ್ದ ಕಾಲ. ಸ್ವಂತ ಕಾರಿದ್ದರೆ ದೂರದ ಹೊಲಗಳ ಉಸ್ತುವಾರಿ ನಿಮಗೇ ಎಂದು ಕಂಪನಿಯವರು ಹೇಳಿದರು. ಆ ಬಡ್ತಿಗೆ ನಾನು ವರ್ಷಗಟ್ಟಲೆ ಕಾದಿದ್ದೆ. ಕೂಡಿಟ್ಟ ದುಡ್ಡು ನನ್ನದು, ಲೈಸೆನ್ಸು ನನ್ನದು, ಕಾರೂ ನಾನೇ ನಿಂತು ಕೊಂಡದ್ದಾಗಬೇಕು ಎಂಬ ಹಟ ಹುಟ್ಟಿತು. ಹಾವೇರಿಯಲ್ಲಿ ಫಕ್ಕೀರಪ್ಪ ಎಂಬ ಹಿರಿಯ ದಲಾಲಿ ಇದ್ದ. ಮೊದಲು ದನದ ಸಂತೆಯಲ್ಲಿ ಎತ್ತು ಮಾರಿಸುತ್ತಿದ್ದವನು, ಆಮೇಲೆ ಹಳೆ ಕಾರಿಗೆ ಇಳಿದಿದ್ದ. ಸರಕು ಬದಲಾದರೂ ರೂಢಿ ಬದಲಾಗಿರಲಿಲ್ಲ. ಬಾನೆಟ್ಟನ್ನು ಎತ್ತಿನ ಬೆನ್ನಿನಂತೆ ತಟ್ಟುತ್ತಿದ್ದ. ದರ ಕುದುರಿಸುವಾಗ ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈ ಮೇಲೆ ಹಾಸಿ, ಅದರ ಕೆಳಗೆ ಬೆರಳು ಹಿಡಿದೇ ಮಾತಾಡುತ್ತಿದ್ದ. ಸುತ್ತ ನಿಂತವರಿಗೆ ದರ ತಿಳಿಯಬಾರದು ನೋಡಿ.

ನಾನೊಬ್ಬಳೇ ಹೋದಾಗ ಅವನು ವಲ್ಲಿ ತೆಗೆಯಲೇ ಇಲ್ಲ. ಒಂದು ಬಿಳಿ ಕಾರಿಗೆ, "ತೊಂಬತ್ತೈದು ಸಾವಿರ, ಅದರಾಗ ಒಂದ್ ಪೈಸಾ ಕಮ್ಮಿ ಇಲ್ರಿ" ಎಂದು ಮೆಲ್ಲಗೆ ಹೇಳಿ ಹಲ್ಲುಕಡ್ಡಿ ಹಾಕಿಕೊಂಡ. ಮರುದಿನ ಗಂಡಸು ಸಹೋದ್ಯೋಗಿಯೊಬ್ಬರನ್ನು ಕಳಿಸಿ ಅದೇ ಕಾರಿನ ದರ ಕೇಳಿಸಿದೆ. ಅವರಿಗೆ ವಲ್ಲಿಯ ಕೆಳಗೆ ಎಪ್ಪತ್ತೈದು ಅಂದನಂತೆ. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಇಪ್ಪತ್ತು ಸಾವಿರಕ್ಕಲ್ಲ, ಅಷ್ಟು ವರ್ಷ ಹೊಲದಲ್ಲಿ ಬಿಸಿಲು ಕುಡಿದ ನಾನು ಅವನ ಕಣ್ಣಿಗೆ ಬರೀ ಒಂದು ಸೆರಗಾಗಿ ಕಂಡೆನಲ್ಲ ಎಂದು.

ನಮ್ಮಪ್ಪನೂ ಎತ್ತಿನ ದಲಾಲಿಯೇ. ಅಣ್ಣನಿಗೆ ಆಸಕ್ತಿ ಇಲ್ಲದ್ದರಿಂದ ಬೆರಳಿನ ಲೆಕ್ಕ ನನಗೆ ಕಲಿಸಿದ್ದ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಗಂಡಸಿನ ದರ ಗಂಡಸಿನ ಕೈಗೇ ಸಿಗುವುದಾದರೆ ಸಿಗಲಿ ಎಂದು ಮನೆಯವರನ್ನು ಕೂರಿಸಿಕೊಂಡು, ಅಡುಗೆಮನೆಯ ಅರಿವೆ ಕೈ ಮೇಲೆ ಹಾಕಿ, ಪಾಠ ಶುರು ಮಾಡಿದೆ. ಕಷ್ಟವೆಂದರೆ ಅವರಿಗೆ ಅಂಗೈ ಮುಟ್ಟಿದರೆ ಕಚಗುಳಿ. "ನಗಬ್ಯಾಡ್ರೀ, ಇದು ವ್ಯವಹಾರ" ಎಂದು ಗದರಿದರೆ, "ಲಗ್ನ ಆಗಿ ಇಷ್ಟ ವರ್ಷಾತು, ನೀ ಹಿಂಗ ಕೈ ಹಿಡದದ್ದ ಇವತ್ತ" ಎಂದು ಮತ್ತಷ್ಟು ನಕ್ಕರು.

ಭಾನುವಾರ ಹಾವೇರಿಗೆ ಹೋದೆವು. ಮೂರು ನಾಲ್ಕು ಜನ ಗಿರಾಕಿಗಳು ಕಾರು ನೋಡುತ್ತ ನಿಂತಿದ್ದರು. ಫಕ್ಕೀರಪ್ಪ ನನ್ನ ಕಡೆ ನೋಡದೆ, "ಬರ್ರಿ ಸಾಹೇಬ್ರ" ಎಂದು ವಲ್ಲಿ ಹಾಸಿ ಬೆರಳು ಒತ್ತಿದ. ನಮ್ಮವರು ಕಚಗುಳಿ ತಡೆಯಲಾಗದೆ ನಗುತ್ತ ತಲೆ ಆಡಿಸಿದರು. "ಆತು! ಮುಗೀತು!" ಎಂದ ದಲಾಲಿ. ನಮ್ಮವರು ನನ್ನ ಕಿವಿಯಲ್ಲಿ, "ತೊಂಬತ್ತ ಒತ್ತಿದಾ" ಎಂದು ಪಿಸುಗುಟ್ಟಿದರು; ಜೊತೆಗೆ ನಾನಿದ್ದದ್ದಕ್ಕೆ ಐದೇ ಇಳಿಸಿದ್ದ. ಹೇಳಿಕೊಟ್ಟದ್ದೆಲ್ಲ ನೀರಲ್ಲಿ ಹೋಮವಾಯಿತು.

ಅದೆಲ್ಲಿಂದ ಸಿಟ್ಟು ಬಂತೋ, ಗಂಡನ ಕೈ ಎಳೆದು ನನ್ನ ಕೈಯನ್ನೇ ವಲ್ಲಿಯ ಕೆಳಗಿಟ್ಟೆ. ಫಕ್ಕೀರಪ್ಪ ಕೆಂಡ ಮುಟ್ಟಿದಂತೆ ಕೈ ಹಿಂದೆಗೆದ.

"ಯಾಕ ಕಾಕಾ, ಕೈ ಯಾಕ ತಗದ್ರಿ?"

"ಯವ್ವಾ, ಹೆಣ್ಮಕ್ಕಳ ಕೈ ಹಿಡದು ವ್ಯಾಪಾರ ಮಾಡಿದಾಂವ ಅಲ್ಲ ನಾ."

"ಹಂಗಾರ ಬಾಯಿಲೆ ಹೇಳ್ರಿ. ಇವರೆಲ್ಲಾ ಕೇಳೂವಂಗ ಹೇಳ್ರಿ."

ಅಪ್ಪನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹೇಳಿದ್ದರೆ ವಲ್ಲಿಯ ಕೆಳಗೆ ಮತ್ತೊಬ್ಬ ಗಂಡಸಿನ ಕೈ ಇಟ್ಟಂತಾಗುತ್ತಿತ್ತು. ಫಕ್ಕೀರಪ್ಪ ಸುತ್ತ ನಿಂತವರನ್ನು ನೋಡಿದ. ಜೋರಾಗಿ ತೊಂಬತ್ತು ಅಂದರೆ ಉಳಿದ ಗಿರಾಕಿಗಳು ಹೋಗಿಬಿಡುತ್ತಾರೆಂದು ಅವನಿಗೆ ಗೊತ್ತು. ಗಂಟಲು ಸರಿಮಾಡಿಕೊಂಡು, "ಎಪ್ಪತ್ತೆಂಟು" ಎಂದ. "ಎಪ್ಪತ್ತೈದು" ಎಂದೆ. "ಒಯ್ಯಿರಿ ತಾಯಿ" ಎಂದ. ನನ್ನ ಕಣ್ಣು ತುಂಬಿ ಬಂದವು, ನಾಚಿಕೆ ಬಿಟ್ಟು ಹೇಳುತ್ತೇನೆ.

ಬ್ಯಾಡಗಿಯ ದಾರಿಯಲ್ಲಿ ನಾನೇ ಕಾರು ಓಡಿಸಿದೆ. ಪೆಟ್ರೋಲ್ ಬಂಕಿನಲ್ಲಿ ಅಂಥದೇ ಕಾರಿನವನೊಬ್ಬ ನಮ್ಮವರನ್ನು, "ಎಷ್ಟಕ್ಕ ಹಿಡದ್ರಿ ಸರ್?" ಎಂದು ಕೇಳಿದ. "ಅವರನ್ನ ಕೇಳ್ರಿ, ಅವರ ಮಾಡಿದ ವ್ಯವಹಾರ" ಎಂದರು ಹೆಮ್ಮೆಯಿಂದ. ನಮ್ಮ ಕಡೆ ಯಾರಾದರೂ ದರ ಕೇಳಿದರೆ ಒಂದಿಷ್ಟು ಇಳಿಸಿ ಹೇಳುವುದು ಪದ್ಧತಿ. "ಎಪ್ಪತ್ತು" ಎಂದೆ.

ಅವನು ಕನಿಕರದಿಂದ ನೋಡಿದ. "ಭಾಳ ಕೊಟ್ರಿ ಅಕ್ಕಾರ. ಹಾವೇರಿ ಫಕ್ಕೀರಪ್ಪ ನನಗ ಇಂಥದ್ದ ಅರವತ್ತಕ್ಕ ಕೊಟ್ಟಾನ."

ಆಗ ಹೊಳೆಯಿತು. ಸಹೋದ್ಯೋಗಿಗೆ ಹೇಳಿದ್ದು ದಲಾಲಿಯ ಮೊದಲ ಮಾತು. ಗಂಡಸರ ಚೌಕಾಸಿ ಶುರುವಾಗುವ ಕಡೆ ನಾನು ಗೆದ್ದೆನೆಂದು ಕಣ್ಣೀರು ಹಾಕಿ ಬಂದಿದ್ದೆ. ಅದೂ ದಲಾಲಿಯ ಮಗಳು!

ಗೇರು ಹಾಕಿ ಬಂಕಿನಿಂದ ಹೊರಬಿದ್ದೆ. ಊರು ಹತ್ತಿರವಾದಾಗ ನಮ್ಮವರೇ ಮೆಲ್ಲಗೆ, "ಅಂವ ಸುಳ್ಳ ಹೇಳಿರಬೇಕು ಬಿಡು. ನೀನೂ ಹೇಳಲಿಲ್ಲೇನು?" ಎಂದರು. ಇದ್ದರೂ ಇರಬಹುದು. ಗುರುತಿಲ್ಲದ ಮನುಷ್ಯನೊಬ್ಬ ಸುಳ್ಳುಗಾರನೇ ಆಗಿರಲಪ್ಪ ಎಂದು ನಾನು ದೇವರಲ್ಲಿ ಮನಸಾರೆ ಬೇಡಿಕೊಂಡದ್ದು ಅದೊಂದೇ ಸಲ.