ದೆವ್ವ ಕೊಟ್ಟ ಕೆಲಸ

ದೆವ್ವ ಇದೆಯೆಂದು ಹೆಸರಾದ ಮನೆಯಲ್ಲಿ ಗೈಡ್ ಆಗಿರುವವನು ನಗುವಿಗಾಗಿ ಎಲ್ಲಿಗೂ ಹೋಗಬೇಕಿಲ್ಲ. ಬಾಗಿಲು ತೆರೆದು ಕೂತರೆ ಸಾಕು, ಯಾರಾದರೊಬ್ಬರು ಹೊತ್ತು ತರುತ್ತಲೇ ಇರುತ್ತಾರೆ.

ನಾನು ಮೈಸೂರಿನವನು. ನ್ಯೂಜೆರ್ಸಿಗೆ ಬಂದು ಬಹಳ ವರ್ಷಗಳಾದವು. ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿದ್ದವನಿಗೆ ಲೇಆಫ್ ಆಯಿತು. ರಿಟೈರ್ ಆಗಲು ಬೇಗ, ಹೊಸ ಕೆಲಸಕ್ಕೆ ತಡ ಎನ್ನುವಂಥ ವಯಸ್ಸು. ಮನೆಯಲ್ಲಿ ಕೂತು ಅಡುಗೆಮನೆಯ ಡಬ್ಬಗಳನ್ನು ಒಪ್ಪ ಮಾಡತೊಡಗಿದೆ. ಮೂರನೆಯ ಸಲ ಸಾಸಿವೆ ಸಿಗದೆ ಹೋದಾಗ ನನ್ನ ಹೆಂಡತಿ, "ಎಲ್ಲಾದರೂ ಹೊರಗೆ ಹೋಗಿ ಬನ್ನಿ, ಪುಣ್ಯ ಬರುತ್ತೆ" ಅಂದಳು. ಹಾಗೆ ಹೋದವನಿಗೆ ಸಿಕ್ಕಿದ್ದು ಈ ಮನೆ.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಕಲ್ಲುಮನೆ. ಈಗ ನಮ್ಮ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ವಶದಲ್ಲಿದೆ. ಯುದ್ಧಕ್ಕೆ ಹೋದ ಗಂಡ ಬರುತ್ತಾನೆಂದು ಮಹಡಿಯ ಕಿಟಕಿಯಲ್ಲಿ ಕಾದೂ ಕಾದೂ ಸತ್ತ ಹೆಂಗಸೊಬ್ಬಳು ಇವತ್ತಿಗೂ ಅಲ್ಲೇ ನಿಂತಿರುತ್ತಾಳೆ ಎಂಬುದು ಊರಿನ ನಂಬಿಕೆ. ನಾನು ಕಂಡಿಲ್ಲ. ಕಂಡರೆ ಒಂದು ನಮಸ್ಕಾರ ಮಾಡಬೇಕೆಂದಿದ್ದೇನೆ. ಅವಳಿಂದಾಗಿ ಜನ ಬರುತ್ತಾರೆ, ಜನರಿಂದಾಗಿ ನನಗೆ ಕೆಲಸ.

ಇಂಟರ್‌ವ್ಯೂ

ಮನೆಯ ಡೈರೆಕ್ಟರ್ ವಯಸ್ಸಾದ ಅಮೆರಿಕನ್ ಹೆಂಗಸು, ಬಲು ಸೌಮ್ಯ. ನನ್ನ ಹಳೆಯ ಕೆಲಸದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ದೆವ್ವದ ಭಯ ಇದೆಯೇ ಎಂದಷ್ಟೇ ಕೇಳಿದರು. ಹಿಂದಿನ ಇಬ್ಬರು ಗೈಡುಗಳು ಮೆಟ್ಟಿಲ ಸದ್ದಿಗೇ ಬಿಟ್ಟು ಹೋಗಿದ್ದರಂತೆ.

ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಹಿಂದೆಯೇ ಸ್ಮಶಾನ, ಹಿತ್ತಲ ಬಾಗಿಲು ತೆಗೆದರೆ ಸಮಾಧಿಗಳು ಕಾಣುತ್ತಿದ್ದವು ಎಂದೆ. ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಹಾಗಾದರೆ ದೆವ್ವ ನೋಡಿದ್ದೀರಾ ಅಂದರು.

"ಇಲ್ಲ ಮೇಡಂ. ಮನೆ ಓನರ್ ಆಗಾಗ ಬರುತ್ತಿದ್ದರು. ಅವರಿಗೆ ಹೆದರಿ ದೆವ್ವಗಳು ನಮ್ಮ ಕಡೆ ಸುಳಿಯುತ್ತಿರಲಿಲ್ಲ."

ಮಾರನೆಯ ದಿನದಿಂದಲೇ ಬನ್ನಿ ಎಂದರು.

ಧಾರವಾಡದ ಅಜ್ಜಿ

ಪ್ಲೇನ್ಸ್‌ಬರೋದಿಂದ ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಧಾರವಾಡದಿಂದ ಬಂದಿದ್ದ ಅಜ್ಜಿ. ಅಜ್ಜಿಗಾಗಿ ಕಥೆಯನ್ನೆಲ್ಲ ಕನ್ನಡದಲ್ಲೇ ಹೇಳಿದೆ. ಮಹಡಿಯ ಕಿಟಕಿಯ ಹತ್ತಿರ ದನಿ ತಗ್ಗಿಸಿ, ಅವಳು ಇಂದಿಗೂ ಇಲ್ಲೇ ಅಲೆಯುತ್ತಾಳೆ ಎಂದು ಮುಗಿಸಿದೆ. ಎಲ್ಲರೂ ಹೆದರುವ ಜಾಗ ಅದು. ಅಜ್ಜಿ ಹೆದರಲಿಲ್ಲ, ನನ್ನನ್ನೇ ದುರುಗುಟ್ಟಿ ನೋಡಿದರು.

"ಅಲೀದೇ ಏನ್ ಮಾಡ್ತಾಳೋ ತಮ್ಮಾ? ಆಕೀ ಹೆಸರ್ಲೆ ಮಂದಿ ಕಡೆ ಟಿಕೆಟ್ ರೊಕ್ಕಾ ತಗೋತೀರಿ. ಆಕೀಗೆ ಒಂದ್ ದಿನಾರ ಎಡಿ ಇಟ್ಟೀರೇನು?"

ಅಜ್ಜಿ ಚೀಲದಿಂದ ಶೇಂಗಾ ಉಂಡಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈಮುಗಿದರು. ಮನೆಯೊಳಗೆ ತಿಂಡಿ ತರಬಾರದೆಂಬುದು ಇಲ್ಲಿ ಬಹಳ ಕಟ್ಟುನಿಟ್ಟಿನ ನಿಯಮ. ಅಜ್ಜಿಯ ದನಿ ಕೇಳಿ ಬಂದ ಡೈರೆಕ್ಟರ್‌ಗೆ ಹೆದರುತ್ತಲೇ ವಿಷಯ ತಿಳಿಸಿದೆ. ಅವರ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಎಲ್ಲರೂ ಅವಳ ಫೋಟೋ ಬೇಕೆಂದರೇ ಹೊರತು ಊಟ ಆಯಿತೇ ಎಂದು ಒಬ್ಬರೂ ಕೇಳಿರಲಿಲ್ಲ ಎನ್ನುತ್ತಾ ಅಜ್ಜಿಯ ಕೈ ಹಿಡಿದುಕೊಂಡರು. ಉಂಡಿ ಅಲ್ಲೇ ಇರಲಿ ಎಂದರು.

ಸಂಜೆ ಬೀಗ ಹಾಕುವ ಹೊತ್ತಿಗೆ ಉಂಡಿ ಮಾಯವಾಗಿತ್ತು. ಪಾಪದ ಆತ್ಮ ಕೊನೆಗೂ ತೃಪ್ತವಾಯಿತು ಎಂದು ಡೈರೆಕ್ಟರ್ ಇವತ್ತಿಗೂ ಹೇಳುತ್ತಾರೆ. ತೃಪ್ತವಾಗಿದ್ದು ನಿಜ. ಅಂಥ ಶೇಂಗಾ ಉಂಡಿ ತಿಂದು ನನಗೂ ಎಷ್ಟೋ ಕಾಲವಾಗಿತ್ತು.

ವಾಸ್ತು ಅಂಕಲ್

ಫ್ಲೋರಲ್ ಪಾರ್ಕ್‌ನಿಂದ ಬಂದ ಅಂಕಲ್ ಒಬ್ಬರು ನನ್ನ ಕಥೆಗೆ ಕಿವಿಗೊಡದೆ ಫೋನಿನ ದಿಕ್ಸೂಚಿ ಹಿಡಿದು ಕೋಣೆ ಕೋಣೆ ಸುತ್ತಿದರು. ದೊಡ್ಡ ಬೆಂಕಿಗೂಡಿನ ಮುಂದೆ ನಿಂತು ತಲೆಯಾಡಿಸಿ, "ದೆವ್ವದ ತಪ್ಪೇನೂ ಇಲ್ಲ. ಈಶಾನ್ಯದಲ್ಲಿ ಬೆಂಕಿ ಇಟ್ಟಿದ್ದಾರೆ. ಇದನ್ನ ಆಗ್ನೇಯಕ್ಕೆ ಶಿಫ್ಟ್ ಮಾಡಿ, ಆಯಮ್ಮ ತಾನಾಗೇ ಹೋಗ್ತಾರೆ" ಅಂದರು.

ಇದು ಚಾರಿತ್ರಿಕ ಕಟ್ಟಡ ಅಂಕಲ್, ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಪರ್ಮಿಟ್ ಬೇಕು, ಮೀಟಿಂಗ್ ಆಗಬೇಕು ಎಂದೆ. ಅವರ ಮುಖವೇ ಬದಲಾಯಿತು. ಆಗಷ್ಟೇ ಅವರು ತಮ್ಮ ಮನೆಯ ಹಿಂದೆ ಡೆಕ್ ಅನ್ನುವ ಮರದ ಜಗಲಿ ಕಟ್ಟಿಸಿ ಮುಗಿಸಿದ್ದರಂತೆ. ಫೋನನ್ನು ಜೇಬಿಗಿಟ್ಟುಕೊಂಡು ನನ್ನ ಭುಜದ ಮೇಲೆ ಕೈಯಿಟ್ಟರು.

"ಬೇಡ ಬಿಡಿ. ಪರ್ಮಿಟ್‌ಗೆ ಓಡಾಡೋದಕ್ಕಿಂತ ದೆವ್ವಾನೇ ವಾಸಿ."

ಕಿಟಕಿಯಲ್ಲಿ ಕಂಡದ್ದು

ಕಳೆದ ಬೇಸಿಗೆಯಲ್ಲಿ ಬರುವವರು ಬಹಳ ಕಡಿಮೆಯಾಗಿದ್ದರು. ಕೌಂಟಿಯವರು ಮನೆಯನ್ನು ಮುಚ್ಚುವ ಯೋಚನೆಯಲ್ಲಿದ್ದಾರೆ, ನಿಮಗೆ ಬೇರೆ ಕಡೆ ಏನಾದರೂ ಸಿಕ್ಕರೆ ನೋಡಿಕೊಳ್ಳಿ ಎಂದು ಡೈರೆಕ್ಟರ್ ಮೆಲ್ಲಗೆ ಹೇಳಿದ್ದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಡಬ್ಬಗಳ ಕಡೆ ಒಮ್ಮೆ ನೋಡಿದಳು.

ಅದಾದ ಮುಂದಿನ ಭಾನುವಾರ ಗೆಳೆಯರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಡೈರೆಕ್ಟರ್ ಫೋನ್ ಮಾಡಿದರು. ಆ ದಿನದ ಗೈಡಿಗೆ ಜ್ವರ, ಟೂರಿನವರು ಬಂದು ಹುಲ್ಲಿನ ಮೇಲೆ ಕಾಯುತ್ತಿದ್ದಾರೆ. ಬಿಳಿ ಪಂಚೆ, ಬಿಳಿ ಶಲ್ಯದಲ್ಲೇ ಡ್ರೈವ್ ಮಾಡಿಕೊಂಡು ಹೋಗಿ, ಕಾರಿನಲ್ಲಿದ್ದ ಪ್ಯಾಂಟು ಶರ್ಟು ಎತ್ತಿಕೊಂಡು ಹಿಂದಿನ ಬಾಗಿಲಿಂದ ಒಳಗೆ ನುಗ್ಗಿದೆ. ಮೊದಲು ಕಿಟಕಿ ತೆರೆಯೋಣ, ಆಮೇಲೆ ಬಟ್ಟೆ ಬದಲಾಯಿಸೋಣ ಎಂದು ಮಹಡಿ ಹತ್ತಿದೆ. ಆ ಕಿಟಕಿಯ ಗಾಜಿನ ಕದ ಬಿಗಿ. ಪಂಚೆಯನ್ನು ಮೇಲೆತ್ತಿ ಕಟ್ಟಿ, ಎರಡೂ ಕೈಯಿಂದ ಜಗ್ಗಿದೆ. ಕದ ತೆರೆದುಕೊಂಡಿತು. ಕೆಳಗಿನಿಂದ ಒಂದು ಚೀತ್ಕಾರ ಕೇಳಿತು.

ಪ್ಯಾಂಟು ಶರ್ಟು ಹಾಕಿಕೊಂಡು ಕೆಳಗಿಳಿದು ಬಂದರೆ ಎಲ್ಲರ ಮುಖ ಬಿಳುಚಿತ್ತು. ಬಿಳಿಯ ಆಕೃತಿ ಕಿಟಕಿಗೆ ಬಂತು, ಎಲ್ಲರೂ ನೋಡುತ್ತಿದ್ದಂತೆಯೇ ತನ್ನ ಲಂಗವನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿಕೊಂಡಿತು ಎಂದು ಒಬ್ಬಾಕೆ ನಡುಗುತ್ತಾ ವಿವರಿಸಿದರು. ಇನ್ನೊಬ್ಬರು ಫೋಟೋ ತೆಗೆದಿದ್ದರು. ಡೈರೆಕ್ಟರ್ ಫೋಟೋ ನೋಡಿದರು, ಆಮೇಲೆ ನನ್ನ ತಲೆಯಲ್ಲಿದ್ದ ಅಕ್ಷತೆಯನ್ನು ನೋಡಿದರು. ಟೂರ್ ಶುರು ಮಾಡಿ ಎಂದರು.

ಮರುವಾರ ಗೇಟಿನ ಆಚೆಯವರೆಗೂ ಕ್ಯೂ. ನನಗೆ ತಡೆಯಲಾಗಲಿಲ್ಲ. ಡೈರೆಕ್ಟರನ್ನು ಪಕ್ಕಕ್ಕೆ ಕರೆದು, ಅದು ನಾನೇ ಎಂದುಬಿಟ್ಟೆ. ಅವರು, ನನಗೆ ಗೊತ್ತು, ಕೇಳಿದವರಿಗೆ ಖಂಡಿತ ನಿಜವನ್ನೇ ಹೇಳಿ ಎಂದರು. ನಾನೂ ಕಾದೆ. ಒಬ್ಬರೂ ಕೇಳಲಿಲ್ಲ. ಆ ಕ್ಯೂ ನೋಡಿಯೋ ಏನೋ, ಕೌಂಟಿಯವರು ಮುಚ್ಚುವ ಮಾತನ್ನೇ ಬಿಟ್ಟರು. ಆ ಸುದ್ದಿ ಬಂದ ಸಂಜೆ ಬೀಗ ಹಾಕುವ ಮೊದಲು ಒಬ್ಬನೇ ಮಹಡಿಗೆ ಹೋಗಿ, ನಿನ್ನ ಹೆಸರು ನಾನು ಬಳಸಿಕೊಂಡೆ ತಾಯಿ, ದೊಡ್ಡ ಉಪಕಾರವಾಯಿತು ಎಂದು ಕಿಟಕಿಗೆ ಕೈಮುಗಿದು ಬಂದೆ.

ಮನೆಗೆ ಬಂದರೆ ಹೆಂಡತಿ ಫೋನ್ ಹಿಡಿದು ಸೋಫಾದ ಮೇಲೆ ಬಿದ್ದು ಬಿದ್ದು ನಗುತ್ತಿದ್ದಳು. ಫೋಟೋ ಅಲ್ಲಿ ಇಲ್ಲಿ ಸುತ್ತಿ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗ್ರೂಪಿಗೂ ಬಂದಿತ್ತು. ಕೂಟದ ಸೆಕ್ರೆಟರಿ ಅದನ್ನು ದೊಡ್ಡದು ಮಾಡಿ ನೋಡಿ, ಕೆಳಗೆ ಬರೆದಿದ್ದರು:

"ಪಂಚೆಗೆ ಜರಿ ಅಂಚಿದೆ. ದೆವ್ವ ನಮ್ಮ ಮೈಸೂರು ಕಡೆಯವರೇ ಅನ್ಸುತ್ತೆ. ಈ ವರ್ಷದ ಮೆಂಬರ್‌ಶಿಪ್ ರಿನ್ಯೂ ಮಾಡಿಸಿದ್ದಾರಾ, ಪರಿಚಯ ಇರೋರು ಸ್ವಲ್ಪ ಕೇಳಿ."